ಲಾಕ್ ಹಿಡಿದು ಕೂತವರು ಯಾರು? ಡೇಟಾಬೇಸ್ ನಿಂತಾಗ ಕ್ವೆರಿಯನ್ನೂ ಬಳಕೆದಾರರನ್ನೂ ಪತ್ತೆ ಹಚ್ಚುವ ಬಗೆ

ವ್ಯಾಪಾರದ ದಿನ ಅಡಿಕೆ ಮಂಡಿಯಿಂದ ಸಾಫ್ಟ್‌ವೇರ್ ನೋಡಿಕೊಳ್ಳುವವರಿಗೆ ಬರುವ ಫೋನು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ: "ಸಾರ್, ಪಟ್ಟಿ ಸೇವ್ ಆಗ್ತಾ ಇಲ್ಲ, ಸುಮ್ನೆ ಸುತ್ತುತ್ತಾ ಇದೆ. ರೈತರು ಕಾಯ್ತಾ ಕೂತಿದಾರೆ." (ಪಟ್ಟಿ ಎಂದರೆ ರೈತರ ಅಡಿಕೆಗೆ ಮಂಡಿ ಬರೆದುಕೊಡುವ ಲೆಕ್ಕದ ಚೀಟಿ.) ಸರ್ವರ್ ನೋಡಿದರೆ ಸಿಪಿಯು ಖಾಲಿ, ಡಿಸ್ಕ್ ತಣ್ಣಗೆ, ಮೆಮೊರಿ ಬೇಕಾದಷ್ಟು. ಯಂತ್ರಕ್ಕೆ ಕೆಲಸವೇ ಇಲ್ಲ, ಆದರೂ ಸಾಫ್ಟ್‌ವೇರ್ ನಿಂತಿದೆ ಎಂದರೆ ಮೊದಲ ಅನುಮಾನ ಲಾಕ್ ಮೇಲೆ, ಅಂದರೆ ಒಬ್ಬರು ಬದಲಿಸುತ್ತಿರುವುದನ್ನು ಬೇರೆಯವರು ಬದಲಿಸದಂತೆ ಡೇಟಾಬೇಸ್ ಹಾಕುವ ಬೀಗದ ಮೇಲೆ ಹೋಗಬೇಕು. ಡೇಟಾಬೇಸ್ ರೀಸ್ಟಾರ್ಟ್ ಮಾಡಿದರೆ ಎಲ್ಲವೂ ಓಡತೊಡಗುತ್ತದೆ, ನಿಜ. ಆದರೆ ಯಾರ ಯಾವ ಕೆಲಸದಿಂದ ಜಾಮ್ ಆಯಿತು ಎಂಬ ಸಾಕ್ಷಿಯೂ ಅದರ ಜೊತೆಗೇ ಅಳಿಸಿಹೋಗುತ್ತದೆ. ಮುಂದಿನ ವಾರ ಮತ್ತೆ ಅದೇ ಫೋನು.

ಉದಾಹರಣೆಗೆ ಒಂದು ಮಂಡಿ ಇಟ್ಟುಕೊಳ್ಳೋಣ. ಸರ್ವರ್ ಶಿವಮೊಗ್ಗದಲ್ಲಿ, ಸಾಗರ, ತೀರ್ಥಹಳ್ಳಿ, ಹೊಸನಗರದ ಶಾಖೆಗಳು ಬ್ರಾಡ್‌ಬ್ಯಾಂಡ್ ಮೇಲೆ ಅದಕ್ಕೇ ಸೇರುತ್ತವೆ. ಡೇಟಾಬೇಸ್ ಪೋಸ್ಟ್‌ಗ್ರೆಸ್. ರೈತರಿಗೊಂದು ಟೇಬಲ್, ಲಾಟ್‌ಗಳಿಗೊಂದು, ಪಟ್ಟಿಗೊಂದು. ಇವುಗಳ ಜೊತೆ ಪಟ್ಟಿ ನಂಬರು ಸಾಲಾಗಿ ತಪ್ಪದೆ ಬರಬೇಕೆಂದು ವರ್ಷಕ್ಕೊಂದೇ ಸಾಲು ಇರುವ ಇನ್ನೊಂದು ಪುಟ್ಟ ಟೇಬಲ್. ಪ್ರತಿ ಪಟ್ಟಿಗೂ ಆ ಸಾಲಿನ ಅಂಕಿ ಒಂದು ಹೆಚ್ಚುತ್ತದೆ. ಈ ಪುಟ್ಟ ಟೇಬಲ್ ಅನ್ನು ನೆನಪಿಟ್ಟುಕೊಳ್ಳಿ. ಲೆಕ್ಕಪತ್ರದ ಬಹುತೇಕ ಸಾಫ್ಟ್‌ವೇರ್‌ಗಳಲ್ಲಿ ಇಂಥದ್ದೊಂದು ಸಾಲು ಇರುತ್ತದೆ, ಜಾಮ್ ಆಗುವುದೂ ಹೆಚ್ಚಾಗಿ ಅಲ್ಲಿಯೇ.

ಒಂದು ಟ್ರಾನ್ಸಾಕ್ಷನ್ (ಒಟ್ಟಿಗೇ ಆಗಬೇಕಾದ ಕೆಲಸಗಳ ಗುಂಪು) ಯಾವುದಾದರೂ ಸಾಲನ್ನು ಅಪ್‌ಡೇಟ್ ಮಾಡಿದರೆ, ಅದು ಕಮಿಟ್ (ಖಾಯಂ) ಅಥವಾ ರೋಲ್‌ಬ್ಯಾಕ್ (ರದ್ದು) ಆಗುವವರೆಗೆ ಅದೇ ಸಾಲನ್ನು ಬದಲಾಯಿಸಲು ಬಂದ ಬೇರೆಯವರು ಕಾಯಬೇಕು. ಅಪ್‌ಡೇಟ್ ಮುಗಿದ ಕೂಡಲೇ ಲಾಕ್ ಬಿಡುವುದಿಲ್ಲ, ಟ್ರಾನ್ಸಾಕ್ಷನ್ ಮುಗಿದಾಗಲೇ ಬಿಡುವುದು. ಅಪ್‌ಡೇಟ್‌ಗೆ ಎರಡು ಮಿಲಿಸೆಕೆಂಡ್ ಸಾಕಾಗಿರಬಹುದು; ಕಮಿಟ್ ಬಾರದೆ ನಲವತ್ತು ನಿಮಿಷ ಕಳೆದರೆ ಲಾಕ್ ಕೂಡ ನಲವತ್ತು ನಿಮಿಷ. ಹಾಗಾಗಿ ಕಾಯುತ್ತಿರುವವರು ಎದ್ದು ಕಾಣುತ್ತಾರೆ. ಲಾಕ್ ಹಿಡಿದವರು ಏನೂ ಮಾಡದೆ ಸುಮ್ಮನಿರುತ್ತಾರೆ. "ಈಗ ನಿಧಾನವಾಗಿ ಓಡುತ್ತಿರುವ ಕ್ವೆರಿ ಯಾವುದು" ಎಂದು ಹುಡುಕಿದರೆ ಸಿಗುವುದು ಕಾಯುತ್ತಿರುವ ಪಾಪದವರು ಮಾತ್ರ. ಅವರನ್ನು ಕೊಂದರೆ, ಅಂದರೆ ಅವರ ಸಂಪರ್ಕ ಬಲವಂತವಾಗಿ ಕಡಿದರೆ, ಅವರ ಜಾಗಕ್ಕೆ ಇನ್ನೊಬ್ಬರು ಬಂದು ಕಾಯುತ್ತಾರೆ, ಅಷ್ಟೇ.

ಮೊದಲು ಕೇಳಬೇಕಾದ ಪ್ರಶ್ನೆ

ಪೋಸ್ಟ್‌ಗ್ರೆಸ್ 9.6ರಿಂದ ಪಿಜಿ_ಬ್ಲಾಕಿಂಗ್_ಪಿಡ್ಸ್ ಎಂಬ ಫಂಕ್ಷನ್ ಇದೆ. ಒಂದು ಸೆಷನ್‌ನ (ಡೇಟಾಬೇಸ್‌ಗೆ ಸೇರಿದ ಒಂದು ಸಂಪರ್ಕದ) ಪಿಡ್, ಅಂದರೆ ಪ್ರಾಸೆಸ್ ನಂಬರು ಕೊಟ್ಟರೆ, ಅದನ್ನು ತಡೆದಿರುವ ಸೆಷನ್‌ಗಳ ಪಿಡ್‌ಗಳನ್ನು ಕೊಡುತ್ತದೆ. ಇದನ್ನು, ಈಗಿರುವ ಸೆಷನ್‌ಗಳ ವಿವರ ತೋರಿಸುವ ಪಿಜಿ_ಸ್ಟ್ಯಾಟ್_ಆಕ್ಟಿವಿಟಿ ಜೊತೆ ಸೇರಿಸಿ ಕೇಳಿ (ಇಲ್ಲಿ ಕನ್ನಡದಲ್ಲಿ ಬರೆದಿದ್ದನ್ನು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ, ಅಡಿಗೆರೆ ಸಮೇತ ಹಾಕಬೇಕು):

ಸೆಲೆಕ್ಟ್ ಪಿಡ್, ಪಿಜಿ_ಬ್ಲಾಕಿಂಗ್_ಪಿಡ್ಸ್(ಪಿಡ್), ಯೂಸ್‌ನೇಮ್, ಅಪ್ಲಿಕೇಶನ್_ನೇಮ್, ಕ್ಲೈಂಟ್_ಆಡ್ರ್, ಕ್ಲೈಂಟ್_ಪೋರ್ಟ್, ಸ್ಟೇಟ್, ಎಕ್ಸ್‌ಆಕ್ಟ್_ಸ್ಟಾರ್ಟ್, ಸ್ಟೇಟ್_ಚೇಂಜ್, ಕ್ವೆರಿ
ಫ್ರಮ್ ಪಿಜಿ_ಸ್ಟ್ಯಾಟ್_ಆಕ್ಟಿವಿಟಿ
ವೇರ್ ಡೇಟ್‌ನೇಮ್ = ಕರೆಂಟ್_ಡೇಟಾಬೇಸ್()
ಆರ್ಡರ್ ಬೈ ಎಕ್ಸ್‌ಆಕ್ಟ್_ಸ್ಟಾರ್ಟ್;

ಕಾಲಂ ಹೆಸರು ಯೂಸ್‌ನೇಮ್. ನಡುವೆ ಆರ್ ಅಕ್ಷರ ಇಲ್ಲ. ಅವಸರದಲ್ಲಿ ಎಲ್ಲರೂ ಆರ್ ಸೇರಿಸಿ ಎರರ್ ತಿನ್ನುತ್ತಾರೆ.

ಉತ್ತರ ಹೀಗೆ ಬಂದಿದೆ ಎನ್ನೋಣ. 4720ನ್ನು 4711 ತಡೆದಿದೆ. 4711ನ್ನು 4698 ತಡೆದಿದೆ. 4698ರ ಎದುರು ಖಾಲಿ ಆವರಣ, ಅಂದರೆ ಅದನ್ನು ಯಾರೂ ತಡೆದಿಲ್ಲ. ಸರಪಳಿಯ ಬುಡ ಅದೇ. ಬೇರೆಯವರನ್ನು ತಡೆದಿರುವ, ತಾನು ಮಾತ್ರ ಯಾರಿಗೂ ಕಾಯದಿರುವ ಪಿಡ್ ಹುಡುಕುವುದೇ ಇಲ್ಲಿನ ಕೆಲಸ. 4711 ಕೂಡ ತಡೆಯುವವರ ಪಟ್ಟಿಯಲ್ಲಿ ಬಂದಿತೆಂದು ಅದರ ಮೇಲೆ ಏರಿ ಹೋಗಬಾರದು. ಒಂದೇ ಸಾಲಿಗೆ ಹಲವರು ಕಾಯುವಾಗ ಮೊದಲು ಬಂದವರು ಬುಡದ ಟ್ರಾನ್ಸಾಕ್ಷನ್‌ಗೆ ಕಾಯುತ್ತಾರೆ, ನಂತರದವರು ಮೊದಲು ಬಂದವರ ಹಿಂದೆ ಸರದಿ ನಿಲ್ಲುತ್ತಾರೆ. ಅದಕ್ಕೇ ಸರಪಳಿ ಕಾಣುವುದು.

ಈ ಫಂಕ್ಷನ್ ಸ್ವಲ್ಪ ಹೊತ್ತು ಲಾಕ್ ಪಟ್ಟಿಯನ್ನೇ ಪೂರ್ತಿ ಹಿಡಿದುಕೊಂಡು ನೋಡುತ್ತದೆ. ಕೈಯಾರೆ ಕೇಳಲು ತೊಂದರೆಯಿಲ್ಲ. ಮಾನಿಟರಿಂಗ್‌ಗೆಂದು ಸೆಕೆಂಡಿಗೊಮ್ಮೆ ಓಡಿಸಬೇಡಿ, ಬಿಜಿ ಸರ್ವರ್‌ಗೆ ಅದೇ ಹೊರೆ. ಇನ್ನೊಂದು ವಿಷಯ: ಸಾಮಾನ್ಯ ಯೂಸರ್ ಆಗಿ ನೋಡಿದರೆ ಬೇರೆಯವರ ಕ್ವೆರಿ ಜಾಗದಲ್ಲಿ "ಇನ್‌ಸಫಿಶಿಯೆಂಟ್ ಪ್ರಿವಿಲೆಜ್" ಎಂದಷ್ಟೇ ಬರುತ್ತದೆ. ಸೂಪರ್‌ಯೂಸರ್ ಪಾಸ್‌ವರ್ಡ್ ಹಂಚುವ ಬದಲು ನೋಡಬೇಕಾದವರಿಗೆ ಪಿಜಿ_ಮಾನಿಟರ್ ರೋಲ್ ಕೊಡಿ.

ಕಾಣುವ ಕ್ವೆರಿಯೇ ಕಾರಣವಲ್ಲ

4698ರ ಸ್ಟೇಟ್ ಕಾಲಂನಲ್ಲಿ "ಐಡಲ್ ಇನ್ ಟ್ರಾನ್ಸಾಕ್ಷನ್" ಎಂದಿದೆ. ಕ್ವೆರಿ ಕಾಲಂನಲ್ಲಿ ಇವತ್ತಿನ ರಾಶಿ, ಬೆಟ್ಟೆ, ಗೊರಬಲು ದರ ಓದುವ ಒಂದು ಸಾದಾ ಸೆಲೆಕ್ಟ್. ಇಲ್ಲಿಯೇ ಹೆಚ್ಚಿನವರು ದಾರಿ ತಪ್ಪುವುದು. "ಸೆಲೆಕ್ಟ್ ಹೇಗೆ ಅಪ್‌ಡೇಟ್ ತಡೆಯುತ್ತೆ, ಪೋಸ್ಟ್‌ಗ್ರೆಸ್ ಬಗ್ ಇರಬೇಕು" ಎಂದು ಗಂಟೆಗಟ್ಟಲೆ ಕಳೆಯುತ್ತಾರೆ. ಸೆಷನ್ ಸುಮ್ಮನಿದ್ದಾಗ ಆ ಕಾಲಂ ತೋರಿಸುವುದು ಕೊನೆಯದಾಗಿ ಓಡಿದ ಕ್ವೆರಿಯನ್ನು. ಲಾಕ್ ಹಿಡಿದದ್ದು ಅದಕ್ಕೂ ಮುಂಚೆ, ಅದೇ ಟ್ರಾನ್ಸಾಕ್ಷನ್‌ನ ಒಳಗೆ, ಬೇರೊಂದು ಕ್ವೆರಿ.

ನಿಜವಾದ ಕ್ವೆರಿ ಯಾವುದೆಂದು ಹತ್ತಿರವಾಗಲು ಮೂರು ಸುಳಿವುಗಳಿವೆ.

ಲಾಕ್‌ಗಳ ವಿವರ ತೋರಿಸುವ ಪಿಜಿ_ಲಾಕ್ಸ್‌ನಲ್ಲಿ 4698ರ ಸಾಲುಗಳನ್ನು ನೋಡಿ, ರಿಲೇಶನ್ ಕಾಲಂ ಅನ್ನು ರೆಗ್‌ಕ್ಲಾಸ್‌ಗೆ ಬದಲಿಸಿಕೊಂಡರೆ ಟೇಬಲ್ ಹೆಸರುಗಳು ಕಾಣುತ್ತವೆ. ಯಾವ ಟೇಬಲ್ ಮೇಲೆ "ರೋ ಎಕ್ಸ್‌ಕ್ಲೂಸಿವ್" ಇದೆಯೋ ಅಲ್ಲಿ ಅದು ಇನ್‌ಸರ್ಟ್, ಅಪ್‌ಡೇಟ್ ಅಥವಾ ಡಿಲೀಟ್ ಮಾಡಿದೆ. "ರೋ ಶೇರ್" ಇದ್ದರೆ ಸೆಲೆಕ್ಟ್ ಫಾರ್ ಅಪ್‌ಡೇಟ್ (ಮುಂದೆ ಬದಲಿಸಲೆಂದು ಓದುವಾಗಲೇ ಸಾಲನ್ನು ಹಿಡಿದಿಡುವುದು) ಥರದ್ದು. "ಆಕ್ಸೆಸ್ ಶೇರ್" ಮಾತ್ರ ಇದ್ದರೆ ಬರೀ ಓದಿದೆ. ನಮ್ಮ ಉದಾಹರಣೆಯಲ್ಲಿ ದರದ ಟೇಬಲ್ ಮೇಲೆ ಆಕ್ಸೆಸ್ ಶೇರ್, ಪಟ್ಟಿ ಮತ್ತು ನಂಬರಿನ ಟೇಬಲ್ ಮೇಲೆ ರೋ ಎಕ್ಸ್‌ಕ್ಲೂಸಿವ್. ಅರ್ಧ ಕಥೆ ಇಲ್ಲಿಗೇ ತಿಳಿಯಿತು: ಪಟ್ಟಿ ನಂಬರು ತೆಗೆದುಕೊಂಡು, ಕಮಿಟ್ ಮಾಡದೆ, ದರ ನೋಡುತ್ತಾ ಕೂತಿದೆ.

ಎರಡನೆಯದು, ಜಗಳ ಇರುವ ಸಾಲನ್ನೇ ಕಣ್ಣಾರೆ ನೋಡುವುದು. ಪೋಸ್ಟ್‌ಗ್ರೆಸ್ ಸಾಲಿನ ಲಾಕ್‌ಗಳನ್ನು ಪಿಜಿ_ಲಾಕ್ಸ್‌ನಲ್ಲಿ ಬರೆದಿಡುವುದಿಲ್ಲ, ಆ ಸಾಲಿನ ತಲೆಯಲ್ಲೇ ಎಕ್ಸ್‌ಮ್ಯಾಕ್ಸ್ ಎಂಬ ಜಾಗದಲ್ಲಿ ಗುರುತು ಹಾಕುತ್ತದೆ. ಕಾಯುವವರು ಹಿಡಿದವರ ಟ್ರಾನ್ಸಾಕ್ಷನ್ ಐಡಿಗೆ ಕಾಯುತ್ತಾರೆ. ಅದಕ್ಕೇ ಪಿಜಿ_ಲಾಕ್ಸ್‌ನಲ್ಲಿ ಎಷ್ಟು ಹುಡುಕಿದರೂ "ಇಂಥ ಸಾಲು" ಎಂದು ಬುಡದ ಸೆಷನ್ ಎದುರು ಸಿಗದು. ಆದರೆ ಕಾಯುತ್ತಿರುವ 4711ರ ಹೆಸರಿನಲ್ಲಿ "ಟಪಲ್" ಬಗೆಯ ಒಂದು ಲಾಕ್ ಇರುತ್ತದೆ, ಅದರಲ್ಲಿ ಪೇಜ್ ಮತ್ತು ಟಪಲ್ ಎಂಬ ಎರಡು ಅಂಕಿಗಳು. ಪೇಜ್ 0, ಟಪಲ್ 7 ಎಂದಿದ್ದರೆ ಆ ಟೇಬಲ್‌ನಲ್ಲಿ ಸಿಟಿಐಡಿ = '(0,7)' ಎಂದು ಸೆಲೆಕ್ಟ್ ಮಾಡಿ, ಜೊತೆಗೆ ಎಕ್ಸ್‌ಮ್ಯಾಕ್ಸ್ ಕೂಡ ಕೇಳಿ. ಸಾದಾ ಸೆಲೆಕ್ಟ್ ಇಂಥ ಲಾಕ್‌ಗೆ ಕಾಯುವುದಿಲ್ಲ, ಧೈರ್ಯವಾಗಿ ಮಾಡಬಹುದು. ಸಾಲು ಕಣ್ಣೆದುರು ಬರುತ್ತದೆ: ಈ ವರ್ಷದ ಪಟ್ಟಿ ನಂಬರು. ಎಕ್ಸ್‌ಮ್ಯಾಕ್ಸ್ ಅಂಕಿ 4698ರ ಬ್ಯಾಕೆಂಡ್_ಎಕ್ಸ್‌ಐಡಿಗೆ ತಾಳೆಯಾದರೆ ಸಂಶಯವೇ ಉಳಿಯುವುದಿಲ್ಲ.

ಮೂರನೆಯದು ಲಾಗ್. 4698ರ ಎಕ್ಸ್‌ಆಕ್ಟ್_ಸ್ಟಾರ್ಟ್ 11:42 ಎಂದಿದ್ದರೆ, ಲಾಗ್‌ನಲ್ಲಿ ಅದೇ ಪಿಡ್‌ನ 11:42ರ ನಂತರದ ಸಾಲುಗಳನ್ನು ಓದಿ. ಇದಕ್ಕೆ ಮೊದಲೇ ತಯಾರಿ ಬೇಕು. ಲಾಗ್_ಸ್ಟೇಟ್‌ಮೆಂಟ್ ಅನ್ನು "ಮಾಡ್" ಎಂದಿಟ್ಟರೆ ಇನ್‌ಸರ್ಟ್, ಅಪ್‌ಡೇಟ್, ಡಿಲೀಟ್ ಎಲ್ಲ ದಾಖಲಾಗುತ್ತವೆ. ಸೆಲೆಕ್ಟ್ ಫಾರ್ ಅಪ್‌ಡೇಟ್ ಮಾತ್ರ ಅದರಲ್ಲಿ ಬರುವುದಿಲ್ಲ. ಲಾಕ್ ಹಿಡಿಯುತ್ತದೆ, ಲಾಗ್‌ನಲ್ಲಿ ಕಾಣುವುದಿಲ್ಲ. ಅನುಮಾನ ಇರುವ ಒಂದೇ ರೋಲ್‌ಗೆ "ಆಲ್" ಎಂದು ಇಟ್ಟು ಒಂದೆರಡು ವ್ಯಾಪಾರದ ದಿನ ನೋಡುವುದು ಒಳ್ಳೆಯದು. ಆ ಬದಲಾವಣೆ ಹೊಸ ಸೆಷನ್‌ಗಳಿಗಷ್ಟೇ ತಾಗುತ್ತದೆ.

ಫಾರ್ ಅಪ್‌ಡೇಟ್ ವಿಷಯ ಬಂದಿದ್ದರಿಂದ ಇದನ್ನೂ ಹೇಳಬೇಕು. ಒಬ್ಬರು ರೈತರ ಸಾಲನ್ನು ಸೆಲೆಕ್ಟ್ ಫಾರ್ ಅಪ್‌ಡೇಟ್ ಎಂದು ಹಿಡಿದಿದ್ದರೆ, ಆ ರೈತರ ಹೆಸರಿಗೆ ಹೊಸ ಪಟ್ಟಿ ಇನ್‌ಸರ್ಟ್ ಮಾಡಲೂ ಆಗುವುದಿಲ್ಲ. ಫಾರಿನ್ ಕೀ ಪರೀಕ್ಷೆಗೆ (ಪಟ್ಟಿಯಲ್ಲಿರುವ ರೈತರು ರೈತರ ಟೇಬಲ್‌ನಲ್ಲಿ ಇದ್ದಾರೆಯೇ ಎಂದು ನೋಡುವುದಕ್ಕೆ) ರೈತರ ಸಾಲಿನ ಮೇಲೆ ಸಣ್ಣದೊಂದು ಲಾಕ್ ಬೇಕು, ಅದು ಫಾರ್ ಅಪ್‌ಡೇಟ್ ಎದುರು ನಿಲ್ಲುತ್ತದೆ. ಕೀ ಮುಟ್ಟದ ಸಾದಾ ಅಪ್‌ಡೇಟ್ ಆಗಿದ್ದರೆ ನಿಲ್ಲುವುದಿಲ್ಲ. ಬೇರೆ ಟೇಬಲ್‌ಗೆ ಹೊಸ ಸಾಲು ಸೇರಿಸುವುದು ಯಾಕೆ ಕಾಯುತ್ತಿದೆ ಎಂದು ತಲೆ ಕೆಡಿಸಿಕೊಂಡವರು ಇಲ್ಲಿ ನೋಡಬೇಕು. ಫಾರ್ ಅಪ್‌ಡೇಟ್ ಬದಲು ಫಾರ್ ನೋ ಕೀ ಅಪ್‌ಡೇಟ್ ಹಾಕಿದರೆ ಬಹಳಷ್ಟು ಕಡೆ ಸಾಕು.

ಕ್ವೆರಿ ಅರ್ಧಕ್ಕೆ ತುಂಡಾಗಿ ಕಾಣುವುದೂ ಉಂಟು. ಟ್ರ್ಯಾಕ್_ಆಕ್ಟಿವಿಟಿ_ಕ್ವೆರಿ_ಸೈಜ್ ಮೊದಲಿಗೆ 1024 ಬೈಟ್ ಇರುತ್ತದೆ. ಯೂನಿಕೋಡ್ ಕನ್ನಡದ ಒಂದೊಂದು ಅಕ್ಷರ ಚಿಹ್ನೆಗೂ ಯುಟಿಎಫ್-8ರಲ್ಲಿ 3 ಬೈಟ್ ಬೇಕು; "ತೀರ್ಥಹಳ್ಳಿ" ಎಂಬ ಒಂದು ಹೆಸರೇ 30 ಬೈಟ್. ರೈತರ ಹೆಸರು, ಊರು, ಷರಾ ಎಲ್ಲ ಕನ್ನಡದಲ್ಲೇ ತುಂಬುವ ಸಾಫ್ಟ್‌ವೇರ್‌ನಲ್ಲಿ ಕೊನೆಯಲ್ಲಿ ಬರುವ ವೇರ್ ಭಾಗ ಕಾಣದೇ ಹೋಗುತ್ತದೆ, ನಮಗೆ ಬೇಕಾದ್ದು ಅದೇ. 8192ಕ್ಕೆ ಏರಿಸಿ. ಇದಕ್ಕೆ ಸರ್ವರ್ ರೀಸ್ಟಾರ್ಟ್ ಬೇಕು, ರಜೆಯ ದಿನ ಮಾಡಿಬಿಡಿ.

ಮನುಷ್ಯರನ್ನು ಹುಡುಕುವುದು

ಯೂಸ್‌ನೇಮ್ ನೋಡಿದರೆ ಎಲ್ಲ ಸಾಲಿನಲ್ಲೂ ಒಂದೇ ಹೆಸರು. ಸಾಫ್ಟ್‌ವೇರ್ ಒಂದೇ ಡೇಟಾಬೇಸ್ ಯೂಸರ್‌ನಿಂದ ಸೇರುತ್ತದೆ, ಹಾಗಾಗಿ ಅದರಿಂದ ಉಪಯೋಗವಿಲ್ಲ. ಮೊದಲು ಅಪ್ಲಿಕೇಶನ್_ನೇಮ್ ನೋಡಿ. ಪಿಎಸ್‌ಕ್ಯುಎಲ್ ಎಂದಿದ್ದರೆ ಯಾರೋ ಟರ್ಮಿನಲ್‌ನಿಂದ ಕೈ ಹಾಕಿದ್ದಾರೆ. ಪಿಜಿಅಡ್ಮಿನ್ 4 ಅಥವಾ ಡಿಬೀವರ್ ಎಂದಿದ್ದರೆ ಯಾರೋ ಕೂತು ನೇರವಾಗಿ ಡೇಟಾ ತಿದ್ದುತ್ತಿದ್ದಾರೆ. ಆಟೋ ಕಮಿಟ್ ಆಫ್ ಇಟ್ಟು, ಒಂದು ಅಪ್‌ಡೇಟ್ ಕೊಟ್ಟು, ಊಟಕ್ಕೆ ಎದ್ದು ಹೋಗಿರುವ ಸಾಧ್ಯತೆ ಬಹಳ. "ಪೋಸ್ಟ್‌ಗ್ರೆಎಸ್‌ಕ್ಯುಎಲ್ ಜೆಡಿಬಿಸಿ ಡ್ರೈವರ್" ಎಂದಷ್ಟೇ ಇದ್ದರೆ ಜಾವಾ ಸಾಫ್ಟ್‌ವೇರ್, ಅದನ್ನು ಬರೆದವರು ಹೆಸರು ಕೊಡಲು ಮರೆತಿದ್ದಾರೆ.

ಕ್ಲೈಂಟ್_ಆಡ್ರ್ ಮತ್ತು ಕ್ಲೈಂಟ್_ಪೋರ್ಟ್ ಸೇರಿದರೆ ಆ ಕಂಪ್ಯೂಟರಿನ ಆ ಪ್ರೋಗ್ರಾಂವರೆಗೂ ಹೋಗಬಹುದು. ವಿಂಡೋಸ್ ಆದರೆ ಆ ಕಂಪ್ಯೂಟರಿನಲ್ಲಿ ನೆಟ್‌ಸ್ಟ್ಯಾಟ್ -ಎಎನ್ಒ, ಲಿನಕ್ಸ್ ಆದರೆ ಎಸ್ಎಸ್ -ಟಿಎನ್‌ಪಿ. ಆ ಪೋರ್ಟ್ ಎದುರಿನ ಪ್ರಾಸೆಸ್ ನಂಬರು ಸಿಗುತ್ತದೆ. ಶಾಖೆಯ ಎಲ್ಲ ಕೌಂಟರ್‌ಗಳೂ ಒಂದೇ ರೂಟರ್ ಹಿಂದಿದ್ದರೆ ವಿಳಾಸ ಎಲ್ಲದಕ್ಕೂ ಒಂದೇ ಆಗಿಬಿಡುತ್ತದೆ. ನಡುವೆ ಪಿಜಿಬೌನ್ಸರ್ (ಕೆಲವೇ ಸಂಪರ್ಕಗಳನ್ನು ಹಲವರಿಗೆ ಹಂಚಿಕೊಡುವ ಪ್ರೋಗ್ರಾಂ) ಇದ್ದರೆ ಇನ್ನೂ ಕಷ್ಟ, ಕಾಣುವುದು ಬೌನ್ಸರಿನ ವಿಳಾಸ. ಆಗ ಅದರ ಅಡ್ಮಿನ್ ಕನ್ಸೋಲ್‌ನಲ್ಲಿ ಶೋ ಸರ್ವರ್ಸ್ ಕೊಟ್ಟು ರಿಮೋಟ್_ಪಿಡ್ ಕಾಲಂನಲ್ಲಿ 4698 ಹುಡುಕಿ, ಅದರ ಲಿಂಕ್ ಮೌಲ್ಯವನ್ನು ಶೋ ಕ್ಲೈಂಟ್ಸ್‌ನಲ್ಲಿ ತಾಳೆ ನೋಡಬೇಕು.

ಇಷ್ಟೆಲ್ಲ ಪಾಡು ತಪ್ಪಿಸುವ ಕೆಲಸ ಒಂದೇ: ಲಾಗಿನ್ ಆದಾಗಲೇ ಸಾಫ್ಟ್‌ವೇರ್ ತನ್ನ ಅಪ್ಲಿಕೇಶನ್_ನೇಮ್ ಅನ್ನು ಶಾಖೆ, ಕೌಂಟರ್, ಲಾಗಿನ್ ಮಾಡಿದವರು, ಪರದೆ ಎಂದು ಜೋಡಿಸಿ ಕೊಡಬೇಕು. ಹೀಗೆ ಸಂಪರ್ಕ ಹಂಚಿಕೊಳ್ಳುವ ಪೂಲ್ ಇದ್ದರೆ ಪ್ರತಿ ಟ್ರಾನ್ಸಾಕ್ಷನ್ ಶುರುವಿನಲ್ಲಿ ಸೆಟ್ ಲೋಕಲ್ ಮಾಡಿ. ಎರಡು ಮಿತಿಗಳಿವೆ. 63 ಬೈಟ್ ಮೀರಿದ್ದು ಕತ್ತರಿಸಿ ಹೋಗುತ್ತದೆ. ಕನ್ನಡ ಅಕ್ಷರ ಹಾಕುವ ಹಾಗಿಲ್ಲ. ಹಳೆಯ ಆವೃತ್ತಿಗಳಲ್ಲಿ ಅವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ, 16ರಿಂದ ಈಚೆಗೆ ಓದಲಾಗದ ಸಂಕೇತಗಳಾಗುತ್ತವೆ. ಶಾಖೆಯ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಕೊಡಿ.

ಮಳೆಗಾಲದ ಲಾಕ್

ಮಲೆನಾಡಿನಲ್ಲಿ ಇದಕ್ಕೊಂದು ಬೇರೆಯೇ ಮುಖವಿದೆ. ಹೊಸನಗರದ ಕಡೆ ಮರ ಬಿದ್ದು ಕರೆಂಟೂ ಕೇಬಲ್ಲೂ ಒಟ್ಟಿಗೆ ಹೋಯಿತು ಎನ್ನಿ. ಗುಮಾಸ್ತರ ಕಂಪ್ಯೂಟರ್ ಆಫ್. ಆದರೆ "ನಾನು ಹೋಗ್ತೀನಿ" ಎಂಬ ಸುದ್ದಿ ಶಿವಮೊಗ್ಗದ ಸರ್ವರ್‌ಗೆ ತಲುಪಲೇ ಇಲ್ಲ. ಸರ್ವರ್ ಪಾಲಿಗೆ ಆ ಸೆಷನ್ ಇನ್ನೂ ಜೀವಂತ, ಅದು ಹಿಡಿದ ಲಾಕ್‌ಗಳೂ ಜೀವಂತ. ಎಷ್ಟು ಹೊತ್ತು? ಪೋಸ್ಟ್‌ಗ್ರೆಸ್ ಇದನ್ನು ಆಪರೇಟಿಂಗ್ ಸಿಸ್ಟಂಗೆ ಬಿಟ್ಟಿರುತ್ತದೆ. ಲಿನಕ್ಸ್‌ನಲ್ಲಿ "ಇನ್ನೂ ಇದ್ದೀಯಾ" ಎಂದು ಕೇಳುವ ಮೊದಲ ಕೀಪ್‌ಅಲೈವ್ ವಿಚಾರಣೆ 7200 ಸೆಕೆಂಡ್ ಆದ ಮೇಲೆ, ಆಮೇಲೆ 75 ಸೆಕೆಂಡಿಗೊಮ್ಮೆ 9 ಸಲ. ಒಟ್ಟು 7875 ಸೆಕೆಂಡ್, ಅಂದರೆ 2 ಗಂಟೆ 11 ನಿಮಿಷ. ಹೊಸನಗರದಲ್ಲಿ ಕರೆಂಟ್ ಹೋದದ್ದಕ್ಕೆ ಸಾಗರದ ಪಟ್ಟಿ ಅಷ್ಟು ಹೊತ್ತು ನಿಲ್ಲಬಹುದು!

ಟಿಸಿಪಿ_ಕೀಪ್‌ಅಲೈವ್ಸ್_ಐಡಲ್ 60, ಇಂಟರ್ವಲ್ 10, ಕೌಂಟ್ 6 ಎಂದಿಟ್ಟರೆ ಸುಮಾರು 2 ನಿಮಿಷಕ್ಕೆ ಸತ್ತ ಸಂಪರ್ಕ ಕಡಿದುಹೋಗುತ್ತದೆ. ಕಂಪ್ಯೂಟರ್ ಆನ್ ಇದ್ದು ಪ್ರೋಗ್ರಾಂ ಮಾತ್ರ ಹ್ಯಾಂಗ್ ಆಗಿದ್ದರೆ, ಅಥವಾ ಗುಮಾಸ್ತರು ಪರದೆ ತೆರೆದಿಟ್ಟು ಚಹಾಕ್ಕೆ ಹೋಗಿದ್ದರೆ ಇದು ಸಾಲದು. ವಿಚಾರಣೆಗೆ ಆಪರೇಟಿಂಗ್ ಸಿಸ್ಟಂ ತಾನೇ ಉತ್ತರ ಕೊಟ್ಟುಬಿಡುತ್ತದೆ. ಅದಕ್ಕೆ ಐಡಲ್_ಇನ್_ಟ್ರಾನ್ಸಾಕ್ಷನ್_ಸೆಷನ್_ಟೈಮ್‌ಔಟ್ ಬೇಕು. ಮಂಡಿಯಂಥ ಕಡೆ 2 ನಿಮಿಷ ಧಾರಾಳವಾಯಿತು.

ಸುತ್ತುತ್ತಿರುವ ಪರದೆಯನ್ನು ಮುಚ್ಚಿ ಮತ್ತೆ ಮತ್ತೆ ಬಟನ್ ಒತ್ತುವುದರಿಂದಲೂ ಕಾಯುವವರ ಸರದಿ ಬೆಳೆಯುತ್ತದೆ. ಮುಚ್ಚಿದ ಪರದೆಯ ಹಳೆಯ ಸೆಷನ್ ಸರ್ವರ್‌ನಲ್ಲಿ ಇನ್ನೂ ಸರದಿಯಲ್ಲೇ ಇರಬಹುದು. ಆವೃತ್ತಿ 14ರಿಂದ ಇರುವ ಕ್ಲೈಂಟ್_ಕನೆಕ್ಷನ್_ಚೆಕ್_ಇಂಟರ್ವಲ್ ಅನ್ನು 10 ಸೆಕೆಂಡ್ ಮಾಡಿದರೆ ಅಂಥವು ತಾವೇ ಜಾಗ ಬಿಡುತ್ತವೆ.

ಸೆಲೆಕ್ಟ್ ಕೂಡ ನಿಂತಿದ್ದರೆ

ಓದುವ ಪರದೆಗಳೂ ನಿಂತಿವೆ ಎಂದರೆ ಅದು ಸಾಲಿನ ಲಾಕ್ ಅಲ್ಲ. ಹೆಚ್ಚಾಗಿ ಯಾರೋ ಆಲ್ಟರ್ ಟೇಬಲ್ (ಟೇಬಲ್‌ನ ರಚನೆ ಬದಲಿಸುವ ಆದೇಶ) ಕೊಟ್ಟಿರುತ್ತಾರೆ. ಅದಕ್ಕೆ ಬೇಕಾದ ಆಕ್ಸೆಸ್ ಎಕ್ಸ್‌ಕ್ಲೂಸಿವ್ ಲಾಕ್ ಓದುವವರನ್ನೂ ಸಹಿಸದು. ಆಗಲೇ ಪಿಜಿ_ಡಂಪ್ ಬ್ಯಾಕಪ್ ಓಡುತ್ತಿದೆ ಎನ್ನಿ, ಅದು ಎಲ್ಲ ಟೇಬಲ್ ಮೇಲೂ ಮುಗಿಯುವವರೆಗೆ ಆಕ್ಸೆಸ್ ಶೇರ್ ಹಿಡಿದಿರುತ್ತದೆ. ಆಲ್ಟರ್ ಅದರ ಹಿಂದೆ ಕಾಯುತ್ತದೆ. ಆಲ್ಟರ್ ಹಿಂದೆ ಬಂದ ಎಲ್ಲ ಸೆಲೆಕ್ಟ್‌ಗಳೂ ಸರದಿ ನಿಲ್ಲುತ್ತವೆ. ಇಲ್ಲಿ ಸರಪಳಿಯ ಬುಡ ಬ್ಯಾಕಪ್, ಆದರೆ ಕೊಲ್ಲಬೇಕಾದ್ದು ಆಲ್ಟರ್ ಅನ್ನು. ಬುಡ ಸಿಕ್ಕಿತೆಂದು ಬ್ಯಾಕಪ್ ನಿಲ್ಲಿಸಬೇಡಿ. ಟೇಬಲ್ ಬದಲಿಸುವ ಮುನ್ನ ಆ ಸೆಷನ್‌ನಲ್ಲಿ ಲಾಕ್_ಟೈಮ್‌ಔಟ್ 3 ಸೆಕೆಂಡ್ ಎಂದಿಟ್ಟುಕೊಂಡರೆ ಅದು ಸಿಗದಿದ್ದಾಗ ತಾನೇ ಬಿದ್ದುಹೋಗುತ್ತದೆ, ಊರೆಲ್ಲ ನಿಲ್ಲುವುದಿಲ್ಲ.

ಪಿಜಿ_ಬ್ಲಾಕಿಂಗ್_ಪಿಡ್ಸ್ ಉತ್ತರದಲ್ಲಿ 0 ಬಂದರೆ ಅದು ಪ್ರಿಪೇರ್ಡ್ ಟ್ರಾನ್ಸಾಕ್ಷನ್, ಅಂದರೆ ಎರಡು ಹಂತದ ಕಮಿಟ್‌ಗೆಂದು ಸಿದ್ಧಮಾಡಿ ಇಟ್ಟದ್ದು. ಅದಕ್ಕೆ ಸೆಷನ್ನೇ ಇಲ್ಲ, ರೀಸ್ಟಾರ್ಟ್ ಮಾಡಿದರೂ ಲಾಕ್ ಹೋಗದು. ಪಿಜಿ_ಪ್ರಿಪೇರ್ಡ್_ಎಕ್ಸ್‌ಆಕ್ಟ್ಸ್‌ನಲ್ಲಿ ಹೆಸರು, ಮಾಲೀಕರು, ಹೊತ್ತು ಎಲ್ಲ ಇರುತ್ತದೆ. ಸಂಬಂಧಪಟ್ಟವರನ್ನು ಕೇಳಿ ರೋಲ್‌ಬ್ಯಾಕ್ ಪ್ರಿಪೇರ್ಡ್ ಅಥವಾ ಕಮಿಟ್ ಪ್ರಿಪೇರ್ಡ್ ಕೊಡಬೇಕು.

ಕೊಲ್ಲುವ ಮುನ್ನ

ಮೇಲಿನ ಕ್ವೆರಿಯ ಉತ್ತರವನ್ನೂ ಪಿಜಿ_ಲಾಕ್ಸ್ ಅನ್ನೂ ಹೊತ್ತು ಸಮೇತ ಉಳಿಸಿಕೊಳ್ಳಿ. ಪರದೆಯ ಫೋಟೊ ಆದರೂ ಸರಿ. ಸೆಷನ್ ಹೋದ ಮೇಲೆ ಇದ್ಯಾವುದೂ ಸಿಗುವುದಿಲ್ಲ. ಶಾಖೆಗೆ ಒಂದು ಫೋನ್ ಮಾಡಿ, "ಎರಡನೇ ಕೌಂಟರ್‌ನಲ್ಲಿ ಪಟ್ಟಿ ಅರ್ಧಕ್ಕೆ ನಿಂತಿದೆಯಾ, ಸೇವ್ ಮಾಡಿ ಇಲ್ಲ ಕ್ಯಾನ್ಸಲ್ ಮಾಡಿ" ಎಂದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ.

ಆಗದಿದ್ದರೆ ಪಿಜಿ_ಟರ್ಮಿನೇಟ್_ಬ್ಯಾಕೆಂಡ್(4698). ಪಿಜಿ_ಕ್ಯಾನ್ಸಲ್_ಬ್ಯಾಕೆಂಡ್ ಇಲ್ಲಿ ಕೆಲಸಕ್ಕೆ ಬಾರದು; ಅದು ಓಡುತ್ತಿರುವ ಕ್ವೆರಿಯನ್ನು ನಿಲ್ಲಿಸುತ್ತದೆ, ಐಡಲ್ ಇನ್ ಟ್ರಾನ್ಸಾಕ್ಷನ್‌ನಲ್ಲಿ ನಿಲ್ಲಿಸಲು ಕ್ವೆರಿಯೇ ಇಲ್ಲ. ಆಪರೇಟಿಂಗ್ ಸಿಸ್ಟಂನಿಂದ ಕಿಲ್ -9 ಮಾತ್ರ ಎಂದೂ ಬೇಡ. ಒಂದು ಬ್ಯಾಕೆಂಡ್ ಹಾಗೆ ಸತ್ತರೆ ಪೋಸ್ಟ್‌ಗ್ರೆಸ್ ಉಳಿದ ಎಲ್ಲ ಸಂಪರ್ಕ ಕಡಿದು ರಿಕವರಿಗೆ ಹೋಗುತ್ತದೆ.

ಜಾಮ್ ಬಿಟ್ಟ ಮೇಲೆ ನೋಡಲು ಬಂದವರಿಗೆ ಲಾಗ್ ಒಂದೇ ಗತಿ. ಲಾಗ್_ಲಾಕ್_ವೇಟ್ಸ್ ಆನ್ ಇದ್ದರೆ, ಡೆಡ್‌ಲಾಕ್_ಟೈಮ್‌ಔಟ್‌ಗಿಂತ (ಮೊದಲಿಗೆ 1 ಸೆಕೆಂಡ್) ಹೆಚ್ಚು ಕಾದ ಪ್ರತಿ ಸೆಷನ್‌ಗೂ ಒಂದು ಸಾಲು ಬೀಳುತ್ತದೆ: ಯಾವ ಪಿಡ್ ಕಾಯುತ್ತಿದೆ, ಯಾವುದು ಹಿಡಿದಿದೆ, ಸರದಿಯಲ್ಲಿ ಯಾರಿದ್ದಾರೆ. ಲಾಗ್_ಲೈನ್_ಪ್ರಿಫಿಕ್ಸ್‌ನಲ್ಲಿ ಹೊತ್ತು ಮತ್ತು ಪಿಡ್ ಜೊತೆ ಯೂಸರ್, ಅಪ್ಲಿಕೇಶನ್, ಹೋಸ್ಟ್ ಸೇರಿಸಿಟ್ಟರೆ ಮಾತ್ರ ಆ ಪಿಡ್‌ಗೆ ಮುಖ ಸಿಗುತ್ತದೆ. ನಮ್ಮ ಉದಾಹರಣೆಯ ಕೊನೆಯ ಪರಿಹಾರವಂತೂ ಸಾಫ್ಟ್‌ವೇರ್ ಒಳಗೇ ಇದೆ. ಪಟ್ಟಿ ನಂಬರನ್ನು ಪರದೆ ತೆರೆದಾಗ ತೆಗೆಯಬಾರದು; ದರ, ತೂಕ, ಕಡಿತ ಎಲ್ಲ ತುಂಬಿ ಸೇವ್ ಒತ್ತಿದಾಗ, ಕಮಿಟ್‌ಗೆ ಮುಂಚಿನ ಕೊನೆಯ ಕೆಲಸವಾಗಿ ತೆಗೆಯಬೇಕು.

ಮೈಎಸ್‌ಕ್ಯುಎಲ್ ಮತ್ತು ಉಳಿದವು

ಮೈಎಸ್‌ಕ್ಯುಎಲ್ 8ರಲ್ಲಿ ಸಿಸ್ ಸ್ಕೀಮಾದ ಇನ್ನೋಡಿಬಿ_ಲಾಕ್_ವೇಟ್ಸ್ ನೋಡಿದರೆ ಕಾಯುವ ಕ್ವೆರಿ, ತಡೆದವರ ಐಡಿ, ಕೊಲ್ಲಲು ಕೊಡಬೇಕಾದ ಆದೇಶ ಎಲ್ಲ ಒಂದೇ ಸಾಲಿನಲ್ಲಿ ಸಿಗುತ್ತದೆ. ತಡೆದವರು ಸುಮ್ಮನಿದ್ದರೆ ಬ್ಲಾಕಿಂಗ್_ಕ್ವೆರಿ ನಲ್. ಆಗ ಬ್ಲಾಕಿಂಗ್_ಪಿಡ್ ತೆಗೆದುಕೊಂಡು ಪರ್ಫಾರ್ಮೆನ್ಸ್ ಸ್ಕೀಮಾದ ಥ್ರೆಡ್ಸ್ ಟೇಬಲ್‌ನಲ್ಲಿ ಅದರ ಥ್ರೆಡ್ ಐಡಿ ಹುಡುಕಿ (ಎರಡೂ ಬೇರೆ ಬೇರೆ ಅಂಕಿಗಳು), ಇವೆಂಟ್ಸ್_ಸ್ಟೇಟ್‌ಮೆಂಟ್ಸ್_ಹಿಸ್ಟರಿಯಲ್ಲಿ ಆ ಥ್ರೆಡ್‌ನ ಕೊನೆಯ 10 ಕ್ವೆರಿ ನೋಡಬಹುದು. ಲಾಕ್ ಹಿಡಿದದ್ದು ಸಾಮಾನ್ಯವಾಗಿ ಆ ಹತ್ತರೊಳಗೇ ಇರುತ್ತದೆ. ಈ ಒಂದು ವಿಷಯದಲ್ಲಿ ಪೋಸ್ಟ್‌ಗ್ರೆಸ್‌ಗಿಂತ ಮೈಎಸ್‌ಕ್ಯುಎಲ್ ಮೇಲು. "ವೇಟಿಂಗ್ ಫಾರ್ ಟೇಬಲ್ ಮೆಟಾಡೇಟಾ ಲಾಕ್" ಎಂದಿದ್ದರೆ ಅದು ಆಲ್ಟರ್ ಕಥೆ, ಸ್ಕೀಮಾ_ಟೇಬಲ್_ಲಾಕ್_ವೇಟ್ಸ್ ನೋಡಿ.

ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಡಿಎಂ_ಎಕ್ಸೆಕ್_ರಿಕ್ವೆಸ್ಟ್ಸ್‌ನ ಬ್ಲಾಕಿಂಗ್_ಸೆಷನ್_ಐಡಿಯಿಂದ ಶುರು ಮಾಡಿ. ಸುಮ್ಮನಿರುವ ಸೆಷನ್ ಅಲ್ಲಿ ಇರದು, ಡಿಎಂ_ಎಕ್ಸೆಕ್_ಸೆಷನ್ಸ್‌ನಲ್ಲಿ ಹೋಸ್ಟ್, ಪ್ರೋಗ್ರಾಂ, ಲಾಗಿನ್ ಸಮೇತ ಸಿಗುತ್ತದೆ. ಒರಾಕಲ್‌ನಲ್ಲಿ ವಿ$ಸೆಷನ್‌ನ ಫೈನಲ್_ಬ್ಲಾಕಿಂಗ್_ಸೆಷನ್ ನೇರವಾಗಿ ಸರಪಳಿಯ ಬುಡ ತೋರಿಸುತ್ತದೆ.

ಮೈಎಸ್‌ಕ್ಯುಎಲ್ ಬಳಸುವವರು ಒಂದು ಕಡೆ ವಿಶೇಷ ಎಚ್ಚರ ವಹಿಸಬೇಕು. ಲಾಕ್‌ಗೆ 50 ಸೆಕೆಂಡ್ ಕಾದು 1205 ಎರರ್ ಬಂದಾಗ ಇನ್ನೋಡಿಬಿ (ಮೈಎಸ್‌ಕ್ಯುಎಲ್ ಒಳಗೆ ಡೇಟಾ ಇಡುವ ಎಂಜಿನ್) ರದ್ದು ಮಾಡುವುದು ಆ ಒಂದು ಕ್ವೆರಿಯನ್ನು ಮಾತ್ರ. ಟ್ರಾನ್ಸಾಕ್ಷನ್ ತೆರೆದೇ ಇರುತ್ತದೆ, ಅದು ಮುಂಚೆ ಹಿಡಿದ ಲಾಕ್‌ಗಳೂ ಉಳಿದಿರುತ್ತವೆ. ಸಾಫ್ಟ್‌ವೇರ್ ಆ ಎರರ್ ನುಂಗಿಕೊಂಡು ಮುಂದೆ ಹೋದರೆ, ಈಗಷ್ಟೇ ಕಾಯುತ್ತಿದ್ದ ಆ ಸೆಷನ್ನೇ ಮುಂದಿನವರ ಪಾಲಿಗೆ ಲಾಕ್ ಹಿಡಿದು ಕೂತಿರುತ್ತದೆ. 1205 ಬಂದ ಕಡೆಯಲ್ಲೆಲ್ಲ ಕೋಡ್‌ನಲ್ಲಿ ರೋಲ್‌ಬ್ಯಾಕ್ ಬರೆದಿದೆಯೇ ನೋಡಿ; ಇಲ್ಲವಾದರೆ ಇನ್ನೋಡಿಬಿ_ರೋಲ್‌ಬ್ಯಾಕ್_ಆನ್_ಟೈಮ್‌ಔಟ್ ಆನ್ ಮಾಡಿ ಸರ್ವರ್ ರೀಸ್ಟಾರ್ಟ್ ಮಾಡಿ.